ಅತ್ತೆ ತೊಳೆದ ವಾಲ್ವುಗಳು

ನಮ್ಮ ಮನೆಯವರಿಗೆ ಒಂದು ನಗೆಮಾತು ಬಾಯಿಪಾಠವಾಗಿದೆ. ಮದುವೆಮನೆಯಲ್ಲಿ ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಯಾರಾದರೊಬ್ಬರು ಅದನ್ನು ತೆಗೆಯುತ್ತಾರೆ. ಯುದ್ಧದ ಕಾಲದಲ್ಲಿ, ಸಾಂಗ್ಲಿ ಇನ್ನೂ ಸಂಸ್ಥಾನವಾಗಿದ್ದಾಗ, ನಮ್ಮ ರೇಡಿಯೋ ಅಂಗಡಿಯ ಸಣ್ಣ ಸೊಸೆ ಖಂಡೇನವಮಿಗೆ ಆಯುಧ ತೊಳೆ ಅಂದರೆ ವಾಲ್ವುಗಳನ್ನೂ ತೊಳೆದಳಂತೆ. ಕೂಸಿಗೆ ಎರೆದ ಹಾಗೆ ಒಂದೊಂದಕ್ಕೂ ಎರೆದಳಂತೆ. ಗಾಜಿನ ಮೇಲಿನ ನಂಬರೆಲ್ಲ ನೀರುಪಾಲಾಯಿತಂತೆ. ಇಲ್ಲಿಗೆ ಎಲ್ಲರೂ ನಗುತ್ತಾರೆ. ಹೇಳುವವರು ನನ್ನ ಕಡೆ ಕೈ ಮಾಡುತ್ತಾರೆ. ನಾನೂ ನಗಬೇಕು.

ನಾನು ತೊಳೆದಿಲ್ಲ. ತೊಳೆದವರು ನನ್ನ ಅತ್ತೆ.

ಇದನ್ನು ಹೇಳಿದರೆ ಸಾಕಿತ್ತು, ಇಷ್ಟು ಕಾಗದ ಬೇಕಿರಲಿಲ್ಲ. ಆದರೆ ಹೇಳಿದಾಗಲೆಲ್ಲ ಮನೆಯವರು ಇನ್ನಷ್ಟು ನಕ್ಕಿದ್ದಾರೆ. ‘ಈಗ ಅತ್ತಿ ಮ್ಯಾಲೆ ಹಾಕಾಕತ್ತಾಳ ನೋಡ್ರಿ’ ಎನ್ನುತ್ತಾರೆ. ಚೆನ್ನಾಗಿ ಉರುಟಾದ ಸುಳ್ಳು ಹಾಗೆಯೇ. ಎಲ್ಲಿ ಹಿಡಿದರೂ ಕೈಗೆ ಚುಚ್ಚುವುದಿಲ್ಲ. ನನ್ನ ನೆನಪು ಅಷ್ಟು ಉರುಟಾಗಿಲ್ಲ. ಅದರಲ್ಲಿ ತೂತುಗಳಿವೆ. ತೂತು ಇದ್ದಲ್ಲಿ ಇದೆ ಎಂದೇ ಬರೆಯುತ್ತೇನೆ.

ಸಾಂಗ್ಲಿಯ ಪೇಟೆಯಲ್ಲಿ ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿ ಭಾವನವರದು, ಅಂದರೆ ನನ್ನ ಗಂಡನ ಅಣ್ಣನದು. ಗಿರಾಕಿಗಳನ್ನು ಅವರು ನೋಡುತ್ತಿದ್ದರು, ರಿಪೇರಿ ನನ್ನ ಗಂಡ ಮಾಡುತ್ತಿದ್ದರು. ಯುದ್ಧ ಬಂದು ನನ್ನ ಗಂಡ ಪುಣೆಯ ಹತ್ತಿರ ಖಡಕಿಯಲ್ಲಿ ದಂಡಿನ ವೈರ್‌ಲೆಸ್ ಕೆಲಸಕ್ಕೆ ಹೋದ ಮೇಲೆ ರಿಪೇರಿಯ ಬೆಂಚು ಖಾಲಿ ಉಳಿಯಿತು. ಅಲ್ಲಿ ನಾನು ಕೂತೆ. ಬೆಸುಗೆ ಹಾಕುವುದನ್ನು ಗಂಡನೇ ಕಲಿಸಿದ್ದರು. ಇಂಗ್ಲಿಷ್ ಅಕ್ಷರಗಳನ್ನು ನಾನು ಮದುವೆಗೆ ಮೊದಲು ಮಿರಜಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಶಾಲೆಯಲ್ಲಿ ಕಲಿತಿದ್ದೆ. ಕನ್ನಡ ಓದುಬರಹ ತವರೂರು ಮ್ಹೈಸಾಳದಲ್ಲಿ ಅಪ್ಪ ಹೇಳಿಕೊಟ್ಟದ್ದು. ಈ ಮನೆಯಲ್ಲಿ ಎಲ್ಲರ ಮನೆಮಾತೂ ಕನ್ನಡವೇ. ಆದರೆ ಶಾಲೆ ಮರಾಠಿ, ವ್ಯವಹಾರ ಮರಾಠಿ. ಕನ್ನಡ ಓದಲು ಭಾವನವರಿಗೂ ಬರುತ್ತಿರಲಿಲ್ಲ.

ನಾನು ಬೆಂಚಿಗೆ ಕೂರುತ್ತಿದ್ದದ್ದು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ, ಪೇಟೆಯೆಲ್ಲ ಬಾಗಿಲು ಹಾಕಿಕೊಂಡು ಮಲಗುವ ಹೊತ್ತಿನಲ್ಲಿ. ಗಿರಾಕಿಗಳು ಕೇಳಿದರೆ ಭಾವನವರು, ‘ಮಿರಜದಿಂದ ಒಬ್ಬ ಮನುಷ್ಯಾ ಬರ್ತಾನ್ರಿ, ಬಾಳ ಹುಷಾರ ಇದ್ದಾನ’ ಎನ್ನುತ್ತಿದ್ದರು. ಆ ಮಿರಜಿನ ಮನುಷ್ಯ ನಾನು. ಅವನ ಹುಷಾರಿಯನ್ನು ಹೊಗಳಿ ಒಬ್ಬರು ಒಂದು ಧಡೆ ಬೆಲ್ಲ ಕಳಿಸಿದ್ದರು. ಆ ಬೆಲ್ಲವನ್ನು ನಾನೇ ಒಡೆದು ಡಬ್ಬಿಗೆ ತುಂಬಿದೆ.

ವಾಲ್ವ್ ಎಂದರೆ ಏನೆಂದು ಈಗಿನವರಿಗೆ ಹೇಳಬೇಕು. ಹಳೆಯ ರೇಡಿಯೋದ ಒಳಗೆ ನಾಲ್ಕೋ ಐದೋ ಗಾಜಿನ ಬುರುಡೆಗಳಿರುತ್ತಿದ್ದವು. ಒಳಗೆ ಕೆಂಪಗೆ ಕಾಯುವ ತಂತಿ, ಅದರ ಸುತ್ತ ಜಾಳಿಗೆಗಳು, ಹೊರಗೆ ಒಂದು ತಗಡು, ಕೆಳಗೆ ಕಾಲುಗಳು. ನೋಡಲು ಎಲ್ಲವೂ ಅಣ್ಣತಮ್ಮಂದಿರ ಹಾಗೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ರೇಡಿಯೋ ಹಾಡುವುದಿಲ್ಲ, ಇಲ್ಲವೆ ಬುರುಡೆ ಸುಟ್ಟುಹೋಗುತ್ತದೆ. ಯಾವುದು ಯಾವುದೆಂದು ತಿಳಿಯಲು ಇದ್ದದ್ದು ಗಾಜಿನ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿದ ನಂಬರು ಒಂದೇ. ಯುದ್ಧದಿಂದಾಗಿ ಹೊಸ ವಾಲ್ವ್ ಬರುವುದು ನಿಂತಿತ್ತು. ಸತ್ತ ರೇಡಿಯೋಗಳಿಂದ ಕಿತ್ತ ಒಳ್ಳೆಯ ವಾಲ್ವುಗಳನ್ನು ಹತ್ತಿ ಹಾಸಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ನಲವತ್ತೊಂದು ಇದ್ದವು ಎಂದು ನಾನು ಯಾವಾಗಲೂ ಹೇಳುತ್ತ ಬಂದಿದ್ದೇನೆ. ಇಷ್ಟು ಖಚಿತವಾದ ಸಂಖ್ಯೆ ಎಲ್ಲಿಂದ ಬಂತೋ ಕಾಣೆ. ನಲವತ್ತರ ಹತ್ತಿರ ಎಂದು ಇಟ್ಟುಕೊಳ್ಳಿ. ಅಂಗಡಿ ನಡೆಯುತ್ತಿದ್ದದ್ದೇ ಆ ಪೆಟ್ಟಿಗೆಯ ಮೇಲೆ.

ಆ ನಂಬರುಗಳ ಗುಟ್ಟನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲವು ರೇಡಿಯೋಗಳ ಬೆನ್ನಿನ ಹಲಗೆಯ ಒಳಗೆ ಒಂದು ಹಾಳೆ ಅಂಟಿಸಿರುತ್ತಿದ್ದರು. ಯಾವ ವಾಲ್ವ್ ಎಲ್ಲಿ, ಎಷ್ಟು ವೋಲ್ಟ್ ಎಂದು ಅದರಲ್ಲಿರುತ್ತಿತ್ತು. ಅವನ್ನು ನಾನು ನೋಟ್‌ಬುಕ್ಕಿಗೆ ನಕಲು ಮಾಡಿಕೊಳ್ಳುತ್ತಿದ್ದೆ. ನಕಲು ಮಾಡುತ್ತ ಮಾಡುತ್ತ ಒಂದು ದಿನ ಕೈ ನಿಂತಿತು. ಇ ಎಂದು ಶುರುವಾಗುವ ವಾಲ್ವುಗಳೆಲ್ಲ ಆರು ವೋಲ್ಟ್ ಚಿಲ್ಲರೆಯವು. ಎ ಎಂದು ಶುರುವಾಗುವವು ನಾಲ್ಕರವು. ಕೆ ಆದರೆ ಎರಡು. ಎರಡನೆಯ ಅಕ್ಷರ ವಾಲ್ವಿನ ಕಸುಬು. ಎಲ್ ಎಂದರೆ ಸ್ಪೀಕರಿಗೆ ಬಲ ಕೊಡುವುದು, ಜಡ್ ಎಂದರೆ ಮನೆಯ ಕರೆಂಟನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುವುದು. ಹಾಗಾಗಿ ‘ಎ ಜಡ್ ೧’ ಎಂದರೆ ಬರಿಯ ಹೆಸರಲ್ಲ, ಅದೊಂದು ವಾಕ್ಯ. ಇದು ಯುರೋಪಿನ ಕಾರ್ಖಾನೆಗಳ ಪದ್ಧತಿ. ಅಮೆರಿಕೆಯದು ಅಂಕಿಯಿಂದ ಶುರು. ‘೬ ಕೆ ೭’ ಇದ್ದರೆ ಮೊದಲ ಆರು ವೋಲ್ಟು, ಕೊನೆಯ ಏಳು ಒಳಗಿನ ಭಾಗಗಳ ಎಣಿಕೆ. ನಡುವಿನ ಅಕ್ಷರಕ್ಕೆ ಮಾತ್ರ ಅರ್ಥವಿಲ್ಲ. ಕಾರ್ಖಾನೆಯಲ್ಲಿ ಯಾವುದರ ಹಿಂದೆ ಯಾವುದು ಹುಟ್ಟಿತು ಎಂಬ ಸರದಿ, ಅಷ್ಟೆ. ಅದಕ್ಕೂ ಹಳೆಯ ಅಮೆರಿಕದ ವಾಲ್ವುಗಳಿಗೆ ನಲವತ್ತೆರಡು, ಎಂಬತ್ತು ಎಂದು ಬೋಳು ಸಂಖ್ಯೆಗಳಿದ್ದವು. ನಲವತ್ತೆರಡು ಯಾಕೆ ನಲವತ್ತೆರಡು ಎಂದು ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ. ಯಾಕೂ ಅಲ್ಲ. ಸಮುದ್ರದ ಆಚೆ ಯಾರೋ ಒಬ್ಬ ಮನಸ್ಸಿಗೆ ಬಂದದ್ದನ್ನು ಬರೆದ. ಇಲ್ಲಿ ನಾವು ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಬೇಕು. ಆ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ.

ಗುಟ್ಟು ತಿಳಿದ ದಿನ ಖುಷಿಯಲ್ಲಿ ಭಾವನವರಿಗೆ ಹೇಳಬೇಕೆನಿಸಿತು. ಗಂಡನ ಅಣ್ಣನ ಜೊತೆ ಸಣ್ಣ ಸೊಸೆ ನೇರವಾಗಿ ಮಾತಾಡುವ ಪದ್ಧತಿ ಆಗ ಇರಲಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದರೂ ಮಾತು ಅತ್ತೆಯ ಮೂಲಕ ಹೋಗಿ ಅತ್ತೆಯ ಮೂಲಕವೇ ಬರಬೇಕು. ನಾನು ಅತ್ತೆಯ ಮುಖ ನೋಡುತ್ತ ಅಕ್ಷರಗಳ ಅರ್ಥ ಹೇಳಿದೆ. ಭಾವನವರು ತಮ್ಮ ತಾಯಿಯ ಮುಖ ನೋಡುತ್ತ ಉತ್ತರ ಕೊಟ್ಟರು.

“ಅವ್ವಾ, ಆಕೀಗೆ ಹೇಳು. ಕಂಪನಿಯವ್ರು ಇಟ್ಟ ಹೆಸರಿಗೆ ಅರ್ಥ ಹುಡುಕಬಾರದು ಅಂತ. ಮದುವ್ಯಾಗ ನಾವು ಆಕೀಗೆ ಹೊಸಾ ಹೆಸರ ಇಟ್ಟಿವಿ, ಅರ್ಥ ಕೇಳಿದ್ಲೇನು?”

ಅತ್ತೆ ನನ್ನ ಕಡೆ ತಿರುಗಿ, “ಕೇಳಿದ್ಯೇನವ್ವಾ?” ಎಂದರು.

ಈ ಮಾತನ್ನು ಒಮ್ಮೆ ಮೊಮ್ಮಗಳಿಗೆ ಹೇಳಿದಾಗ ಅವಳು ಕಣ್ಣರಳಿಸಿ, ಅಜ್ಜಿ, ನಿನ್ನ ಹೆಸರೂ ವಾಲ್ವಿನ ನಂಬರೂ ಒಂದೇ ಕತೆ ಎಂದಳು. ಒಂದೇ ಅಲ್ಲ. ಹೆಸರು ಬದಲಾದರೂ ನಾನು ಯಾರೆಂದು ನನಗೆ ಗೊತ್ತಿತ್ತು. ನಂಬರು ಹೋದ ವಾಲ್ವ್ ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಹೋಲಿಕೆಗಳು ಬಲು ಸುಲಭ. ಅವನ್ನು ನಾನು ಬಾಗಿಲ ಹೊರಗೇ ನಿಲ್ಲಿಸುತ್ತೇನೆ.

ಖಂಡೇನವಮಿಗೆ ಬರುತ್ತೇನೆ. ದಸರೆಯ ಹಿಂದಿನ ದಿನ ಕಸುಬಿನ ಸಾಮಾನುಗಳನ್ನು ತೊಳೆದು ದೇವಿಯ ಮುಂದೆ ಇಟ್ಟು ಪೂಜೆ ಮಾಡುವುದು. ಕಮ್ಮಾರನ ಸುತ್ತಿಗೆ, ಸಿಂಪಿಗನ ಕತ್ತರಿ, ನಮ್ಮ ಮನೆಯಲ್ಲಿ ಪಕ್ಕಡ ಎನ್ನುವ ಇಕ್ಕಳ, ಸ್ಕ್ರೂಡ್ರೈವರ್, ಬೆಸುಗೆಯ ಸಲಾಕೆ, ಮೀಟರು. ಆ ವರ್ಷ ಆ ದಿನ ನಾನು ಹೊರಗೆ ಕೂತಿದ್ದೆ. ತಿಂಗಳ ಆ ಮೂರು ದಿನ ಹಿತ್ತಲ ಕಟ್ಟೆಯ ಮೇಲೆ ಚಾಪೆ, ಬೇರೆ ತಾಟು, ಬೇರೆ ತಂಬಿಗೆ. ಯಾರನ್ನೂ ಯಾವುದನ್ನೂ ಮುಟ್ಟುವಂತಿಲ್ಲ. ಈಗ ಹೇಳಿ, ಮುಟ್ಟಲಾರದವಳು ತೊಳೆದದ್ದು ಹೇಗೆ? ಇಷ್ಟು ವರ್ಷ ನಕ್ಕವರಲ್ಲಿ ಒಬ್ಬರೂ ಈ ಒಂದು ಪ್ರಶ್ನೆ ಕೇಳಿಲ್ಲ.

ಬಾವಿಯ ಕಲ್ಲಿನ ಹತ್ತಿರ ಅತ್ತೆ ಪಕ್ಕಡ, ಸಲಾಕೆಗಳನ್ನು ಬೂದಿಯಲ್ಲಿ ತಿಕ್ಕಿ ಮುಗಿಸಿದರು. ಆಮೇಲೆ ವಾಲ್ವಿನ ಪೆಟ್ಟಿಗೆಯನ್ನು ತಂದು ಕೆಳಗಿಟ್ಟರು. ತಪ್ಪೇಲಿಯಲ್ಲಿ ಅಂಟುವಾಳಕಾಯಿಯ ನೊರೆ ಏಳುತ್ತಿತ್ತು.

“ಅತ್ತಿಯವ್ರ, ಬುರುಡಿ ತೊಳೀಬ್ಯಾಡ್ರಿ! ನಂಬರ ಹೋಗ್ತಾವ್ರಿ!”

“ನೀ ಸುಮ್ಮನ ಕೂಡು. ದೇವಿ ಮುಂದ ಇಂಥಾ ಮಸಿಬುರುಡಿ ಇಡೂದೇನ? ನಮಗ ಅನ್ನಾ ಹಾಕೂ ವಸ್ತು ಅವು.”

“ಒಣಾ ಅರಿವಿಲೆ ಒರಸ್ರಿ, ಸಾಕು. ಅದು ಬರೇ ಬಣ್ಣರಿ.”

“ಬಣ್ಣ ಹೋದ್ರ ಹೋಗವಲ್ದ್ಯಾಕ. ಬಣ್ಣದ ಮ್ಯಾಲೆ ಹಾಡತದೇನ ರೇಡಿಯೋ?”

 ರೇಡಿಯೋ ಬಣ್ಣದ ಮೇಲೆ ಹಾಡುವುದಿಲ್ಲ, ನಿಜ. ಅವರು ಒಂದೊಂದು ಬುರುಡೆಯನ್ನೂ ನೊರೆಯಲ್ಲಿ ಅದ್ದಿ, ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ಹಿಡಿದು ನೋಡಿ, ಅರಿಷಿಣ ಕುಂಕುಮ ಹಚ್ಚಿ ಬಿದಿರಿನ ಪಾಟಿಯಲ್ಲಿ ಜೋಡಿಸಿದರು. ಪ್ರೀತಿಯಿಂದಲೇ ಮಾಡಿದರು. ಅದನ್ನು ಬರೆಯದೆ ಬಿಟ್ಟರೆ ನಾನೂ ಕತೆ ಉರುಟು ಮಾಡಿದ ಹಾಗೆ.

ನನ್ನ ನೆನಪಿನ ತೂತು ಇಲ್ಲಿದೆ. ಮೇಲಿನ ಮಾತುಗಳನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಆಡಿದ್ದೇನೆಂದರೆ, ಅಂದು ಬಾಯಿಬಿಟ್ಟು ಎಷ್ಟು ಆಡಿದೆನೋ ತಿಳಿಯದಾಗಿದೆ. ಒಮ್ಮೆಯಾದರೂ ಕೂಗಿದ್ದು ಖಂಡಿತ. ನನ್ನ ಕಟ್ಟೆಯಿಂದ ಬಾವಿಯ ಕಲ್ಲಿಗೆ ಒಂಬತ್ತು ಹೆಜ್ಜೆ. ಆಮೇಲೆ ನಡೆದು ಅಳೆದಿದ್ದೇನೆ. ಅಂದು ಒಂಬತ್ತು ಹೆಜ್ಜೆ ನಡೆದು ಪೆಟ್ಟಿಗೆಗೆ ಕೈ ಹಾಕಿದ್ದರೆ ಸಾಮಾನೆಲ್ಲ ಮೈಲಿಗೆಯಾಗಿ ಪೂಜೆ ನಿಲ್ಲುತ್ತಿತ್ತು, ನಂಬರು ಉಳಿಯುತ್ತಿದ್ದವು. ನಾನು ಏಳಲಿಲ್ಲ. ಬೇರೆಯವರ ಮೇಲಿನ ಸಿಟ್ಟೆಲ್ಲ ಮುಗಿದ ಮೇಲೂ ಈ ಸಿಟ್ಟು ಉಳಿಯುತ್ತದೆ.

ಪೂಜೆಗೆ ಬಂದ ಭಾವನವರು ಪಾಟಿಯನ್ನು ನೋಡಿದರು. ಒಂದು ವಾಲ್ವನ್ನು ಎತ್ತಿ ತಿರುಗಿಸಿದರು, ಇನ್ನೊಂದನ್ನು ಎತ್ತಿದರು.

“ಅವ್ವಾ, ನಂಬರ ಎಲ್ಲಿ ಹೋದು?”

ಹಿತ್ತಲ ಬಾಗಿಲಿನಿಂದ ನನಗೆ ಎಲ್ಲ ಕೇಳುತ್ತಿತ್ತು. ಅತ್ತೆ ಆರತಿಯ ತಾಟು ಸರಿಸಿದ ಸದ್ದಾಯಿತು. ಆಮೇಲೆ, “ಏನೋಪಾ, ಆಕಿ ಹೊರಗ ಕೂತಾಳ. ಹಬ್ಬದ ದಿನ ನೆರಳರ ಬಿದ್ದೀತು” ಎಂದರು.

ನೆರಳು! ಒಂಬತ್ತು ಹೆಜ್ಜೆ ಆಚೆಯಿಂದ ನೆರಳು ಬಿದ್ದು ಗಾಜಿನ ಮೇಲಿನ ಬಣ್ಣ ಹೋಯಿತಂತೆ. ಮೊದಲ ದಿನ ನನ್ನ ನೆರಳು ತೊಳೆಯಿತು. ಬರಬರುತ್ತ ನಾನೇ ತೊಳೆದೆ. ಕತೆ ಬೆಳೆಯುವ ರೀತಿ ಇದು.

ಹಬ್ಬ ಮುಗಿಯುತ್ತಲೇ ಭಾವನವರು ತೀರ್ಮಾನ ಮಾಡಿದರು. ನಂಬರಿಲ್ಲದ ವಾಲ್ವುಗಳನ್ನು ಮುಂಬಯಿಯ ಗುಜರಿಯವನಿಗೆ ಕೊಡುವುದು, ರಿಪೇರಿ ನಿಲ್ಲಿಸುವುದು, ಬೆಂಚು ತೆಗೆದು ಅಲ್ಲಿ ಗ್ರಾಮೋಫೋನಿನ ತಟ್ಟೆಗಳ ಕಪಾಟು ಇಡುವುದು. ದಿನಕ್ಕೆ ಮೂರು ಗಂಟೆ ನಾನು ನಾನಾಗಿರುತ್ತಿದ್ದ ಜಾಗ ಆ ಬೆಂಚು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದವಳೇ ಅತ್ತೆಯ ಮುಂದೆ ನಿಂತೆ. ಭಾವನವರು ಊಟಕ್ಕೆ ಕೂತಿದ್ದರು.

“ಅತ್ತಿಯವ್ರ, ಹೇಳ್ರಿ. ಶೀಗಿ ಹುಣ್ಣಿವಿತನಕಾ ನಾಕ ದಿನ ಕೊಡ್ರಿ. ನಂಬರ ಇಲ್ಲದನ ನಾ ಅವುಗಳ ಹೆಸರು ಹೇಳತೇನಿ.”

“ಅವ್ವಾ, ಕೇಳು ಆಕೀಗೆ. ಮುಖಾ ನೋಡಿ ಜಾತಕಾ ಬರೀತಾಳೇನು?”

“ಬರೀತೇನಿ ಅಂತ ಹೇಳ್ರಿ.”

ಭಾವನವರು ನಕ್ಕು ಸಾರಿನ ಬಟ್ಟಲು ಕೆಳಗಿಟ್ಟರು. “ಎಲ್ಲಾ ಹೆಸರು ಹೇಳಿದ್ರ ಬೆಂಚು ಆಕೀದ. ಹಗಲೆಲ್ಲಾ ಕೂಡ್ಲಿ, ಬಾಗಲಾ ತಗದಾಗೂ ಕೂಡ್ಲಿ. ಎಲ್ಲಾ ಅಂದೇನಿ, ಮತ್ತ.”

ಅತ್ತೆ ಇಬ್ಬರ ನಡುವೆ ನಿಂತು ಅತ್ತ ಇತ್ತ ಎಲ್ಲ ಮಾತನ್ನೂ ದಾಟಿಸಿದರು. ಒಂದು ಮಾತನ್ನು ಬಿಟ್ಟು.

ಕಾರ್ಖಾನೆಯವರು ಹೆಸರು ಕಟ್ಟಿದ್ದು ವಾಲ್ವಿನ ಮೈ ನೋಡಿ. ಹಾಗಾದರೆ ಮೈಯಿಂದ ಹೆಸರಿಗೆ ನಾನೂ ಹೋಗಬಹುದು. ಲೆಕ್ಕ ಇಷ್ಟೇ. ಕಾಲುಗಳನ್ನು ನೋಡಿ ಯುರೋಪಿನದು, ಅಮೆರಿಕದ್ದು ಎಂದು ಎರಡು ಗುಂಪು ಮಾಡಿದೆ. ಅಂಗಡಿಯಲ್ಲಿ ಚಾರ್ಜ್ ಮಾಡುವ ಬ್ಯಾಟರಿ ಇತ್ತು. ಅದರಲ್ಲಿ ಮೂರು ಮನೆ, ಒಂದೊಂದಕ್ಕೆ ಎರಡು ವೋಲ್ಟ್. ವಾಲ್ವಿನ ತಂತಿಗೆ ಮೊದಲು ಒಂದು ಮನೆಯ ಕರೆಂಟು ಕೊಡುವುದು. ಕಾಯದಿದ್ದರೆ ಎರಡು ಮನೆ, ಆಗಲೂ ಕಾಯದಿದ್ದರೆ ಮೂರು. ನಿಗಿ ಕೆಂಡದ ಬಣ್ಣ ಬಂದಲ್ಲಿ ನಿಲ್ಲಿಸಿದರೆ ಹೆಸರಿನ ಮೊದಲ ಅಕ್ಷರವೋ ಅಂಕಿಯೋ ಕೈಗೆ ಬಂತು. ಆಮೇಲೆ ಬುರುಡೆಯನ್ನು ಬೆಳಕಿಗೆ ಹಿಡಿದು ಜಾಳಿಗೆಗಳನ್ನು ಎಣಿಸುವುದು. ಅದರಿಂದ ಕಸುಬು ತಿಳಿಯಿತು. ಉಳಿದದ್ದಕ್ಕೆ ನನ್ನ ನೋಟ್‌ಬುಕ್ಕು.

ಹೊಗೆಬಣ್ಣ ಬಳಿದ ಕೆಲವು ಬುರುಡೆಗಳ ಒಳಗೆ ಏನೂ ಕಾಣುತ್ತಿರಲಿಲ್ಲ. ಅಂಥ ಒಂದನ್ನು ಹಿಡಿದು ಕೂತಾಗ ನನ್ನ ಉಸಿರು ತಾಗಿ ಗಾಜು ಮಂಜಾಯಿತು. ಮಂಜಿನ ನಡುವೆ ಒಂದು ಅಕ್ಷರದ ಅಂಚು ಕಾಣಿಸಿ ಮಾಯವಾಯಿತು. ಬಣ್ಣ ಹೋಗಿದ್ದರೂ ಗಾಜು ಅದನ್ನು ಪೂರಾ ಬಿಟ್ಟಿರಲಿಲ್ಲ. ಆಮೇಲೆ ಒಂದೊಂದಕ್ಕೂ ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟೆ. ಏಳೆಂಟು ವಾಲ್ವು ಹಾಗೆ ಹೆಸರು ಹೇಳಿದವು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಬಂದು ಪಕ್ಕದಲ್ಲಿ ಕೂತರು. ತಾವೂ ಒಂದು ಬುರುಡೆ ತೆಗೆದುಕೊಂಡು ಹಾ ಎಂದರು.

“ಏನರ ಕಾಣತದನ?”

“ಇಲ್ರಿ.”

“ಇದರಾಗ?”

“ಒಂದ ಕಾಲು ಕಾಣತದ್ರಿ. ಎಫ್ ಇರಬೇಕು. ಇನ್ನೊಮ್ಮೆ ಬಿಡ್ರಿ.”

ಆ ಮಧ್ಯಾಹ್ನ ನಾವಿಬ್ಬರೂ ತಲೆಗೆ ತಲೆ ಕೊಟ್ಟು ಕೂತು ಗಾಜಿಗೆ ಉಸಿರು ಬಿಟ್ಟೆವು. ಅತ್ತೆಯ ಉಸಿರಿನಲ್ಲಿ ಲವಂಗದ ವಾಸನೆ ಇತ್ತು. ತಾವು ಮಾಡಿದ್ದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದೂ ಗೊತ್ತಿತ್ತು. ಮಗನಿಗೆ ಒಂದು ಮಾತು ಹೇಳಲು ಮಾತ್ರ ಆಗಲಿಲ್ಲ. ಅವರಿಗೆ ಮಗನ ಮನೆ ಬಿಟ್ಟರೆ ಬೇರೆ ನೆಲೆಯಿರಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಅರ್ಥವಾದರೆ ಸಿಟ್ಟು ಹೋಗಬೇಕೆಂದೇನೂ ಇಲ್ಲ.

ಹುಣ್ಣಿಮೆಯ ಹೊತ್ತಿಗೆ ಒಂದೊಂದು ವಾಲ್ವಿಗೂ ದಾರದಲ್ಲಿ ಚೀಟಿ ಕಟ್ಟಿದೆ. ದೊಡ್ಡದೊಂದು ಹಾಳೆಯಲ್ಲಿ ಪಟ್ಟಿ ಬರೆದೆ. ಎಡಗಡೆ ಚೀಟಿಯ ಅಂಕಿ ಮತ್ತು ವಾಲ್ವಿನ ಹೆಸರು, ಇಂಗ್ಲಿಷಿನಲ್ಲಿ. ಬಲಗಡೆ ಅದಕ್ಕೆ ಎಷ್ಟು ವೋಲ್ಟು, ಏನು ಕಸುಬು, ಏನು ಜೋಪಾನ ಎಂದು ಕನ್ನಡದಲ್ಲಿ. ಅದು ನನಗಾಗಿ ಬರೆದುಕೊಂಡದ್ದು.

ಮೂರು ವಾಲ್ವು ಉಳಿದವು. ಅವುಗಳಲ್ಲಿ ಒಂದು ಆರು ಕಾಲಿನ ಅಮೆರಿಕದ ಬುರುಡೆ. ಒಂದು ಮನೆಯ ಕರೆಂಟಿಗೆ ಮಂಕಾಗಿ ಕಾಯಿತು, ಎರಡು ಕೊಟ್ಟರೆ ಕಣ್ಣು ಕುಕ್ಕಿತು, ತಟ್ಟನೆ ತೆಗೆದೆ. ಅಂದರೆ ಎರಡೂವರೆ ವೋಲ್ಟಿನದು, ಮೊದಲ ಅಂಕಿ ಎರಡು. ಕಾಯುವ ತಂತಿಯ ಎರಡು ಕಾಲನ್ನು ಒಂದೆಂದು ಹಿಡಿದರೆ ಭಾಗಗಳು ಐದು, ಕೊನೆಯ ಅಂಕಿ ಐದು. ನಡುವಿನ ಅಕ್ಷರ? ಅದಕ್ಕೆ ನಿಯಮವೇ ಇಲ್ಲ. ಎರಡೂವರೆ ವೋಲ್ಟಿನ ಹಳೆಯ ರೇಡಿಯೋ ಒಂದೂ ನನ್ನ ಕೈಗೆ ಬಂದಿರಲಿಲ್ಲ, ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ‘೨ – ೫’ ಎಂದು ನಡುವೆ ಗೆರೆ ಎಳೆದೆ. ಬಲಗಡೆ ಕನ್ನಡದಲ್ಲಿ ‘ಹೆಸರು ಪೂರಾ ಗೊತ್ತಿಲ್ಲ, ಎರಡೂವರೆ ವೋಲ್ಟ್ ಮೀರಬಾರದು’ ಎಂದು ಬರೆದೆ. ಉಳಿದೆರಡೂ ಎರಡೂವರೆ ವೋಲ್ಟಿನವೇ, ಅವಕ್ಕೂ ಹಾಗೆಯೇ ನಡುವೆ ಗೆರೆ. ಬಾಯಿಗೆ ಬಂದ ಅಕ್ಷರವನ್ನು ತುಂಬಿದ್ದರೆ ಸಾಂಗ್ಲಿ ಮಿರಜ ಎರಡರಲ್ಲೂ ಹಿಡಿಯುವವರು ಯಾರೂ ಇರಲಿಲ್ಲ. ಆ ಆರು ಕಾಲಿನದರ ನಡುವಿನ ಅಕ್ಷರ ಎ ಎಂದು ಬಹಳ ವರ್ಷಗಳ ಮೇಲೆ ಒಂದು ಹಳೆಯ ಪಟ್ಟಿಯಲ್ಲಿ ನೋಡಿ ತಿಳಿಯಿತು. ಎಲ್ಲಕ್ಕಿಂತ ಮೊದಲ ಅಕ್ಷರ. ಯಾರಾದರೂ ಊಹಿಸಿ ಬರೆಯಬಹುದಾಗಿದ್ದ ಅಕ್ಷರ.

ಭಾವನವರು ರಿಪೇರಿಗೆ ಬಂದಿದ್ದ ರೇಡಿಯೋಗಳಿಗೆ ನಾನು ಹೆಸರಿಸಿದ ವಾಲ್ವುಗಳನ್ನು ಹಾಕಿ ನೋಡಿದರು. ಹಾಡಿದವು. ಪಟ್ಟಿಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡಿ ಗೆರೆಗಳ ಹತ್ತಿರ ನಿಂತರು.

“ಅವ್ವಾ, ಇಲ್ಲೆ ಮೂರಕ್ಕ ಹೆಸರಿಲ್ಲ. ನಾ ಎಲ್ಲಾ ಅಂದಿದ್ದೆ.”

ಅಷ್ಟೇ. ಉಳಿದೆಲ್ಲಕ್ಕೂ ಹೆಸರು ಕೊಟ್ಟದ್ದು ಅಲ್ಲಿಗೆ ಮುಗಿಯಿತು. ಮುಂದಿನ ವಾರ ಮಾಧವನಗರದ ಮಿಲ್ಲಿನಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದ ಒಬ್ಬ ಮಿಸ್ತ್ರಿ ಬಂದು ಬೆಂಚಿಗೆ ಕೂತ. ಗುಜರಿಗೆ ಹೋಗಬೇಕಿದ್ದ ವಾಲ್ವುಗಳು ಹೋಗಲಿಲ್ಲ. ನನ್ನ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ನಿಂತು ನೋಡಿದೆ. ಅರ್ಧವೇ ಇತ್ತು. ಬಲಗಡೆಯ ಕನ್ನಡವನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದರು. ಅತ್ತೆಯಿಂದ ಭಾವನವರನ್ನು ಕೇಳಿಸಿದೆ. ಉತ್ತರ ಬಂತು. “ಮಿಸ್ತ್ರಿಗೆ ಕನ್ನಡಾ ಬರೂದಿಲ್ಲ, ನನಗೂ ಓದಾಕ ಬರೂದಿಲ್ಲ. ಗಿರಾಕಿ ಮಂದಿ ನೋಡ್ತಾರ. ಸುಮ್ಮನ ಜಾಗಾ ಯಾಕ?”

ಮಿಸ್ತ್ರಿ ಕೆಟ್ಟವನಲ್ಲ. ಪಟ್ಟಿ ನೋಡಿ ಕೆಲಸ ಮಾಡುತ್ತಿದ್ದ. ಕೆಲವು ದಿನಗಳ ಮೇಲೆ ಹರಿಪುರದ ಒಬ್ಬ ಗಿರಾಕಿ ತನ್ನ ರೇಡಿಯೋ ಹೊತ್ತುಕೊಂಡು ಬಂದ. ನಲವತ್ತೆರಡು ನಂಬರಿನ ವಾಲ್ವು ಹೋಗಿತ್ತು. ಮಿಸ್ತ್ರಿ ಪೆಟ್ಟಿಗೆಯಲ್ಲಿ ಹುಡುಕಿ, ನಾನು ಗೆರೆ ಎಳೆದಿದ್ದ ಆ ಆರು ಕಾಲಿನದನ್ನು ತೆಗೆದ. ಮೈಕಟ್ಟು ಒಂದೇ, ಕಾಲು ಒಂದೇ. “ಇದು ನಲವತ್ತೆರಡೇ, ಇಂಥವು ನೂರು ನೋಡೀನಿ” ಎಂದು ಮರಾಠಿಯಲ್ಲಿ ಹೇಳುವುದು ಒಳಗೆ ನನಗೆ ಕೇಳಿಸಿತು. ನಲವತ್ತೆರಡಕ್ಕೆ ಬೇಕಾದದ್ದು ಆರು ವೋಲ್ಟ್ ಚಿಲ್ಲರೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಗುಂಡಿ ತಿರುಗಿಸಿದ್ದ. ಬುರುಡೆಯೊಳಗೆ ಬೆಳ್ಳನೆಯ ಬೆಳಕು ಝಗ್ ಎಂದಿತು. ಆಮೇಲೆ ಏನೂ ಇಲ್ಲ.

ಗಿರಾಕಿ ಏನಾಯಿತು ಎಂದ. ಭಾವನವರು ನಕ್ಕರು.

“ಏನ ಮಾಡೂದ್ರಿ. ನಮ್ಮ ಸಣ್ಣ ಸೊಸಿ ಖಂಡೇನವಮಿಗೆ ಬುರುಡಿಗೋಳಿಗೆ ಎರದಾಳ. ಇದರಾಗ ನೀರ ಹೊಕ್ಕಿರಬೇಕು.”

ಗಿರಾಕಿ ನಕ್ಕ. ಮಿಸ್ತ್ರಿ ನಕ್ಕ. ರಸ್ತೆಯಲ್ಲಿ ನಿಂತಿದ್ದವರು ಯಾರೋ ನಕ್ಕರು. ಇವತ್ತು ಮದುವೆಮನೆಗಳಲ್ಲಿ ನಗುತ್ತಾರಲ್ಲ, ಆ ನಗು ಹುಟ್ಟಿದ್ದು ಇಲ್ಲಿ. ಕಣ್ಣ ಮುಂದೆ ಹುಟ್ಟಿದ್ದನ್ನು ನೋಡಿದ್ದೇನೆ.

ನಾನು ಹೊಸ್ತಿಲು ದಾಟಿ ಅಂಗಡಿಗೆ ಬಂದೆ. ಬಾಗಿಲು ತೆಗೆದಿತ್ತು, ಪೇಟೆ ತುಂಬಿತ್ತು. ಭಾವನವರ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

“ಭಾವನವ್ರ, ಅದನ್ನ ನಾ ತೊಳದಿಲ್ಲ. ನೀರೂ ಹೊಕ್ಕಿಲ್ಲ. ಎರಡೂವರಿ ವೋಲ್ಟ್ ಮೀರಬಾರದು ಅಂತ ಬರದಿದ್ದೆ. ಬರದದ್ದನ್ನ ನೀವು ಕತ್ತರಿಸಿ ಒಗದ್ರಿ.”

ಭಾವನವರು ನನ್ನ ಕಡೆ ತಿರುಗಲಿಲ್ಲ. “ಅವ್ವಾ, ಆಕೀನ ಒಳಗ ಕರಕೊಂಡ ಹೋಗು.”

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಅತ್ತಿಯವ್ರ, ತೊಳದವ್ರು ಯಾರು? ನೀವರ ಹೇಳ್ರಿ” ಎಂದೆ.

ಅತ್ತೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. “ಅನ್ನ ಆರತದ. ಉಣ್ಣಾಕ ಬಾ ನಮ್ಮವ್ವಾ” ಎಂದರು.

ಅವರ ಕಣ್ಣಲ್ಲಿ ನೀರಿತ್ತು ಎಂದು ಒಮ್ಮೊಮ್ಮೆ ನನಗೆ ನೆನಪಾಗುತ್ತದೆ. ಅದನ್ನು ನಾನೇ ಆಮೇಲೆ ಇಟ್ಟಿರಬಹುದು. ಅವರು ಊಟಕ್ಕೆ ಕರೆದದ್ದು ನಿಜ. ನಾನು ಉಣ್ಣಲಿಲ್ಲ, ಅದೂ ನಿಜ. ಗೋಡೆಯ ಹತ್ತಿರ ಹೋಗಿ ಉಗುರಿನಿಂದ ಪಟ್ಟಿಯ ನಾಲ್ಕು ಮೂಲೆ ಎಬ್ಬಿಸಿ ಕಿತ್ತೆ.

ಮಿಸ್ತ್ರಿ ಗಾಬರಿಯಾಗಿ ಎದ್ದು, ಅತ್ತಿಗೆ ಎಂಬ ಅರ್ಥದಲ್ಲಿ ವಹಿನಿ ಎಂದು ಮರಾಠಿಯಲ್ಲಿ ಕರೆದ. “ಅಹೋ ವಹಿನೀ, ಅದು ಬೇಕಲ್ಲ ನನಗೆ!”

“ಇದು ನಂದು. ಬ್ಯಾರೆ ಹಚ್ಚತೇನಿ” ಎಂದೆ.

ಒಂದು ಗಂಟೆಗೆ ಬಾಗಿಲು ಹಾಕಿದ ಮೇಲೆ ಹೊಸ ಹಾಳೆ ತೆಗೆದುಕೊಂಡು ಬರೆಯಲು ಕೂತೆ. ಈ ಸಲ ಪೂರಾ ಕನ್ನಡದಲ್ಲಿ. ಚೀಟಿಯ ಅಂಕಿ ಕನ್ನಡ, ವಾಲ್ವಿನ ಹೆಸರಿನ ಇಂಗ್ಲಿಷ್ ಅಕ್ಷರಗಳೂ ಕನ್ನಡ ಲಿಪಿಯಲ್ಲಿ. ವಾಲ್ವುಗಳ ಹಳೆಯ ಚೀಟಿ ಬಿಚ್ಚಿ ಕನ್ನಡದ ಚೀಟಿ ಕಟ್ಟಿದೆ. ಗೋದಿಹಿಟ್ಟಿನ ಅಂಟು ಕಾಸಿ ಅದೇ ಜಾಗದಲ್ಲಿ ಪಟ್ಟಿ ಹಚ್ಚಿದೆ. ಕತ್ತರಿಸಲು ಬಾರದ ಹಾಗೆ ಹಾಳೆಯ ಬೆನ್ನಿಗೆಲ್ಲ ಅಂಟು ಬಳಿದೆ.

ನಾಲ್ಕು ಗಂಟೆಗೆ ಮಿಸ್ತ್ರಿ ಪಟ್ಟಿಯ ಮುಂದೆ ನಿಂತ. ಭಾವನವರೂ ನಿಂತರು. ಇಬ್ಬರೂ ಬಹಳ ಹೊತ್ತು ನಿಂತರು. ಮೊದಲ ದಿನ ಯಾರೂ ನನ್ನನ್ನು ಕೂಗಲಿಲ್ಲ, ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿದರು. ಎರಡನೆಯ ದಿನ ಮಿಸ್ತ್ರಿ ಅಡಿಗೆಮನೆಯ ಬಾಗಿಲಿಗೆ ಬಂದು ಒಂದು ವಾಲ್ವ್ ಚಾಚಿ, “ವಹಿನೀ, ಇದೇನು?” ಎಂದ. ಹೇಳಿದೆ. ಐದು ನಿಮಿಷಕ್ಕೆ ಮತ್ತೆ ಬಂದ. ಮೂರನೆಯ ದಿನ ಹತ್ತು ಸಲವೋ ಇಪ್ಪತ್ತು ಸಲವೋ ಬಂದ. ರೊಟ್ಟಿ ತಟ್ಟುವ ಹಿಟ್ಟುಗೈಯಲ್ಲಿ ವಾಲ್ವ್ ಹಿಡಿದು ಹಿಡಿದು ಬುರುಡೆಗಳೆಲ್ಲ ಬೂದಿ ಬಳಿದುಕೊಂಡ ಹಾಗಾದವು. ಕೊನೆಗೆ ಭಾವನವರ ದನಿ ಕೇಳಿಸಿತು.

“ಅವ್ವಾ, ಆಕೀಗೆ ಹೇಳು. ಬಂದು ಇಲ್ಲೇ ಕೂಡು ಅಂತ.”

ಗೆದ್ದೆ ಎಂದು ಬರೆದು ಎದ್ದುಬಿಟ್ಟರೆ ಚೆಂದವಾಗಿತ್ತು. ಮರುದಿನ ಬಡಿಗ ಬಂದು ಬೆಂಚಿನ ಮೂರು ಕಡೆ ಗಳ ಹೊಡೆದು ಪರದೆ ಕಟ್ಟಿದ. ನಾನು ಒಳಗೆ, ಗಿರಾಕಿಗಳು ಹೊರಗೆ. ಮಿಸ್ತ್ರಿಯ ಕೈ ಮಾತ್ರ ಪರದೆಯ ಸಂದಿಯಿಂದ ಒಳಗೆ ಬರಬೇಕು. ಮೊದಲ ದಿನವೇ ಒಂದು ವಾಲ್ವ್ ಬಂತು, ನಡುವೆ ಗೆರೆ ಎಳೆದು ಉಳಿಸಿದ್ದ ಇನ್ನೆರಡರಲ್ಲಿ ಒಂದು. ಹೊರಗೆ ನಾಲ್ಕೈದು ಜನ ಕೂತಿದ್ದ ಸದ್ದು.

“ಹೆಸರು ಗೊತ್ತಿಲ್ಲ. ಎರಡೂವರಿ ವೋಲ್ಟ್ ಮೀರಬಾರದು” ಎಂದೆ.

 ಭಾವನವರು ಪರದೆಯ ಹತ್ತಿರ ಬಂದರು. ತಾಯಿಯನ್ನು ಕರೆಯಲಿಲ್ಲ. ನನಗೇ ಹೇಳಿದರು.

“ಮೆಲ್ಲಕ ಹೇಳು. ಮಂದಿ ಅದಾರ.”

ನಾನು ಅದನ್ನೇ ಇನ್ನೊಮ್ಮೆ ಹೇಳಿದೆ, ರಸ್ತೆಗೆ ಕೇಳುವ ಹಾಗೆ.